ಕಂಬ ಎದ್ದಿತು, ಕಾವಲು?

2019ರ ಫೆಬ್ರುವರಿಯಲ್ಲಿ ಕನ್ನಡಿಗರ ಮೊಬೈಲುಗಳಲ್ಲಿ ಒಂದು ವಿಡಿಯೊ ಕಾಳ್ಗಿಚ್ಚಿನಂತೆ ಹರಡಿತು. ಹಂಪಿಯ ಗಜಶಾಲೆಯ ಹಿಂಬದಿಯಲ್ಲಿರುವ ವಿಷ್ಣು ದೇವಾಲಯದ ಆವರಣ. ಕೆಲವು ಯುವಕರು ಕಲ್ಲಿನ ಕಂಬವೊಂದಕ್ಕೆ ಕೈಹಚ್ಚಿ ತಳ್ಳುತ್ತಾರೆ, ಕಂಬ ನೆಲಕ್ಕುರುಳುತ್ತದೆ. ಅಷ್ಟೇ. ಹೊಟ್ಟೆಕಿಚ್ಚಿಲ್ಲ, ಹಳೆಯ ಹಗೆಯಿಲ್ಲ, ನಿಧಿಯ ಆಸೆಯೂ ಇಲ್ಲ, ಬರೀ ಮೋಜು. ನಾಡಿನ ತುಂಬ ಆಕ್ರೋಶ ಎದ್ದಿತು, ಬೇಗನೇ ನಾಲ್ವರ ಬಂಧನವಾಯಿತು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಬೀಳಿಸಿದ್ದನ್ನು ಮತ್ತೆ ನಿಲ್ಲಿಸಿಕೊಡಿ ಎಂದಿತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರ ಉಸ್ತುವಾರಿಯಲ್ಲಿ ಕಂಬ ಮತ್ತೆ ಎದ್ದಿತು. ತಿಂಗಳೊಳಗೆ ಎಲ್ಲ ಮುಗಿದಿತ್ತು. ನಮ್ಮ ನ್ಯಾಯಾಲಯಗಳ ನಡಿಗೆ ಬಲ್ಲವರಿಗೆ ಅದೇ ಒಂದು ಅಚ್ಚರಿ.

ಅಂದು ನಾಡು ಸಂತೋಷಪಟ್ಟಿದ್ದು ಹಣದ ದಂಡಕ್ಕಲ್ಲ, ಬೀಳಿಸಿದವರೇ ಮತ್ತೆ ನಿಲ್ಲಿಸಬೇಕಾಗಿ ಬಂದದ್ದಕ್ಕೆ. ತಪ್ಪಿಗೂ ಶಿಕ್ಷೆಗೂ ಅಷ್ಟು ನೇರ ಸಂಬಂಧವಿದ್ದ ತೀರ್ಪು ಸ್ಮಾರಕಗಳ ವಿಷಯದಲ್ಲಿ ಅಪರೂಪ. ಇನ್ನು ಮುಂದೆ ಹೀಗೇ ನಡೆಯುತ್ತದೆ ಎಂದು ಹಲವರು ನಂಬಿದರು. ಈಗ ಹಿಂತಿರುಗಿ ನೋಡಿದರೆ, ಆ ತೀರ್ಪು ಒಂದು ದಾರಿಯಾಗಲಿಲ್ಲ, ಒಂದು ಸುದ್ದಿಯಾಗಿ ಉಳಿಯಿತು.

ಏಕೆ ಹಾಗಾಯಿತು? ಕಾನೂನು ಸಡಿಲವಾಗಿತ್ತು ಎನ್ನುವಂತಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಸಂರಕ್ಷಿತ ಸ್ಮಾರಕ ಹಾಳುಮಾಡಿದವರಿಗೆ ಮೂರು ತಿಂಗಳ ಸೆರೆ, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಿತ್ತು. 2010ರ ತಿದ್ದುಪಡಿಯಲ್ಲಿ ಅದು ಎರಡು ವರ್ಷ ಸೆರೆ, ಒಂದು ಲಕ್ಷ ದಂಡದವರೆಗೆ ಏರಿತು. ಕಾಗದದ ಮೇಲೆ ಸಾಕಷ್ಟು ಗಟ್ಟಿ ಶಿಕ್ಷೆಯೇ. ಆದರೆ ವಿಜಯಪುರದ ಗೋಳಗುಮ್ಮಟದ ಮೆಟ್ಟಿಲು ಹತ್ತಿದವರಿಗೆ ಗೊತ್ತು, ಗೋಡೆಯ ಗಾರೆಯ ಮೇಲೆ ಎಷ್ಟು ಪ್ರೇಮಿಗಳ ಹೆಸರುಗಳಿವೆ ಎಂದು. ಅಷ್ಟೂ ಹೆಸರಿನವರ ಮೇಲೆ ಮೊಕದ್ದಮೆ ಹೂಡಿದ್ದರೆ ಅಲ್ಲಿಯ ನ್ಯಾಯಾಲಯಕ್ಕೆ ಬೇರೆ ಕೆಲಸವೇ ಇರುತ್ತಿರಲಿಲ್ಲ. ಹಂಪಿಯ ನಾಲ್ವರು ಸಿಕ್ಕಿಬಿದ್ದದ್ದು ವಿಡಿಯೊದಿಂದ, ಕಾವಲುಗಾರನಿಂದಲ್ಲ.

ಕಾವಲುಗಾರ ಎಲ್ಲಿದ್ದ ಎಂಬ ಪ್ರಶ್ನೆಗೆ 2022ರ ಡಿಸೆಂಬರಿನ ಸಂಸದೀಯ ಸ್ಥಾಯಿ ಸಮಿತಿಯ ವರದಿಯಲ್ಲಿ ಉತ್ತರವಿದೆ. ದೇಶದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು 3,693. ಭದ್ರತಾ ಸಿಬ್ಬಂದಿ ಇದ್ದದ್ದು 248 ಕಡೆ. ಏಳು ಸಾವಿರ ಮಂದಿ ಬೇಕಿದ್ದಲ್ಲಿ ಒದಗಿದ್ದು 2,578. ಕಾರಣ ಹಣದ ಕೊರತೆ. ಅದೇ ವರದಿಯಲ್ಲಿ ಎಲ್ಲಿವೆಯೆಂದೇ ಪತ್ತೆಯಾಗದ ಸ್ಮಾರಕಗಳ ಮಾತೂ ಬರುತ್ತದೆ. ಇಡೀ ಸ್ಮಾರಕವೇ ಕಣ್ಮರೆಯಾಗುವಲ್ಲಿ ಒಂದು ಕಂಬದ ಮೇಲೆ ಕಣ್ಣಿಡುವವರು ಯಾರು? ಕಂಬ ಬಿದ್ದ ಸುದ್ದಿ ಬಂದ 2019ರಲ್ಲೇ, ಜುಲೈನಲ್ಲಿ, ಆನೆಗೊಂದಿಯ ನವವೃಂದಾವನ ನಡುಗಡ್ಡೆಯಲ್ಲಿ ನಿಧಿಗಳ್ಳರು ಯತಿ ವ್ಯಾಸರಾಜರ ವೃಂದಾವನವನ್ನೇ ಕಿತ್ತುಹಾಕಿದರು. ಅವರು ಪ್ರವಾಸಿಗರಲ್ಲ, ಉದ್ದೇಶವೂ ಬೇರೆ. ಆದರೆ ನಂಬಿಕೊಂಡಿದ್ದು ಒಂದನ್ನೇ, ಇಲ್ಲಿ ಯಾರೂ ನೋಡುವುದಿಲ್ಲ ಎಂಬುದನ್ನು.

ಹಾಗೆಂದು ಸರ್ಕಾರ ಏನೂ ಮಾಡಲಿಲ್ಲವೆಂದರೆ ತಪ್ಪಾದೀತು. 2020ರಲ್ಲಿ ಹಂಪಿಗೆ ಸರ್ವೇಕ್ಷಣ ಇಲಾಖೆಯ ಪ್ರತ್ಯೇಕ ಆಡಳಿತ ವೃತ್ತ ಬಂತು. ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಸುತ್ತ ತಡೆ ಬಿತ್ತು. ಐವತ್ತು ರೂಪಾಯಿ ನೋಟಿನ ಮೂಲಕ ಎಲ್ಲರ ಜೇಬು ಸೇರಿದ ರಥವನ್ನು ಈಗ ದೂರದಿಂದ ನೋಡಿ ಬರಬೇಕು. ಸಪ್ತಸ್ವರದ ಕಂಬಗಳನ್ನು ಮುಟ್ಟುವಂತಿಲ್ಲ. ಈ ತಡೆಗಳು ಬೇಡವಿತ್ತೆಂದು ಹೇಳಲಾರೆವು; ರಥದ ಚಕ್ರ ಹತ್ತಿ ಫೋಟೊ ತೆಗೆಸಿಕೊಂಡವರ ಸಾಲು ನೆನೆದರೆ ಬೇಕೇಬೇಕಿತ್ತು. ಆದರೆ ಬೇಲಿ ಶಿಕ್ಷೆಯಲ್ಲ. ತಪ್ಪು ಮಾಡಿದವನ ಜತೆ ತಪ್ಪು ಮಾಡದವರನ್ನೂ ಅದು ಆಚೆ ನಿಲ್ಲಿಸುತ್ತದೆ. ಮೇಲಾಗಿ ಬೇಲಿ ಸಿಕ್ಕಿದ್ದು ಹೆಸರಾದ ಸ್ಮಾರಕಕ್ಕೆ. ಗಜಶಾಲೆಯ ಹಿಂದಿನ ಗುಡಿಯಂಥವಕ್ಕೆ ಹೆಸರೂ ಇಲ್ಲ, ಬೇಲಿಯೂ ಇಲ್ಲ.

ಅಂಥ ಜಾಗದಲ್ಲಿ ಪ್ರವಾಸಿಗನ ಮನಸ್ಸಿನಲ್ಲಿ ಏನಿರುತ್ತದೆ? ನಾವೇ ‘ಹಾಳು ಹಂಪಿ’ ಎಂದು ರೂಢಿಯಲ್ಲಿ ಅನ್ನುತ್ತೇವೆ. ಹಾಳೂರಿಗೆ ಉಳಿದವನೇ ಗೌಡ. 1565ರ ಯುದ್ಧದ ಬಳಿಕ ಇಷ್ಟೆಲ್ಲ ಒಡೆದುಹೋದ ಮೇಲೆ ಇನ್ನೊಂದು ಕಂಬದ್ದೇನು ಎಂಬ ಧೋರಣೆ. ತಿಳಿಯಬೇಕಾದ್ದು ಅದಕ್ಕೆ ತದ್ವಿರುದ್ಧ. ವಿಜಯನಗರದ ಮಂಟಪಗಳಲ್ಲಿ ಕಂಬವನ್ನು ಹಿಡಿದಿಡುವುದು ಮುಖ್ಯವಾಗಿ ಮೇಲಿನ ತೊಲೆ, ಚಪ್ಪಡಿಗಳ ಭಾರ. ಚಾವಣಿ ಹೋದ ಕಂಬ ತನ್ನ ತೂಕದಿಂದಷ್ಟೇ ನಿಂತಿರುತ್ತದೆ. ನೋಡುವುದಕ್ಕೆ ಬಂಡೆಯಂತೆ ಕಂಡರೂ ನಾಲ್ಕು ಕೈಗಳಿಗೆ ಸೋಲುತ್ತದೆ. ಅಳಿದುಳಿದದ್ದೇ ಎಲ್ಲಕ್ಕಿಂತ ನಾಜೂಕು.

ಇಲ್ಲೊಂದು ತುಂಟ ಪ್ರಶ್ನೆ ಎದುರಾಗುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿ ರನ್ನನದೆನ್ನಲಾದ ‘ಕವಿರತ್ನ’ ಎಂಬ ಹೆಸರಿದೆ, ಚಾವುಂಡರಾಯನ ಹೆಸರಿದೆ. ಬಂದುಹೋದ ಎಷ್ಟೋ ಯಾತ್ರಿಕರ ಹೆಸರುಗಳಿವೆ. ರನ್ನ ಕೆತ್ತಿದರೆ ಶಾಸನ, ಕಾಲೇಜು ಹುಡುಗ ಕೆತ್ತಿದರೆ ಅಪರಾಧವೇ? ಹೌದು, ಹಾಗೆಯೇ. ಯಾತ್ರಿಕರು ಬರೆದದ್ದು ಬರಿಬಂಡೆಯ ಮೇಲೆ, ಇನ್ನೊಬ್ಬರ ಕೆತ್ತನೆಯನ್ನು ಕೆರೆದಲ್ಲ. ಬೇಲೂರು ಹಳೇಬೀಡುಗಳ ಬಳಪದ ಕಲ್ಲಿನ ಮೇಲೆ ಬೀಗದ ಕೈಯಿಂದ ಗೀಚುವವನು ಬೇರೊಬ್ಬ ಶಿಲ್ಪಿಯ ಉಳಿಯ ಗುರುತನ್ನು ಅಳಿಸುತ್ತಾನೆ.

ಇದು ನಮ್ಮ ನಾಡಿನ ರೋಗ ಮಾತ್ರವಲ್ಲ. 2013ರಲ್ಲಿ ಈಜಿಪ್ಟಿನ ಲಕ್ಸರ್ ದೇವಾಲಯದ ಉಬ್ಬುಶಿಲ್ಪದ ಮೇಲೆ ಚೀನಾದ ಹದಿಹರೆಯದ ಹುಡುಗನೊಬ್ಬ ತಾನು ಬಂದಿದ್ದೆನೆಂದು ಕೆತ್ತಿದ. ಅವನ ದೇಶದವರೇ ಜಾಲತಾಣದಲ್ಲಿ ಅವನ ಗುರುತು ಹುಡುಕಿ ಬಯಲಿಗೆಳೆದರು. ತಂದೆತಾಯಿ ಕ್ಷಮೆ ಕೇಳಬೇಕಾಯಿತು. ಹತ್ತು ವರ್ಷದ ನಂತರ ರೋಮಿನ ಕೊಲೋಸಿಯಂ ಗೋಡೆಯಲ್ಲಿ ತನ್ನ ಮತ್ತು ಗೆಳತಿಯ ಹೆಸರು ಕೊರೆದ ಪ್ರವಾಸಿಗ, ಅದು ಅಷ್ಟು ಹಳೆಯದೆಂದು ಗೊತ್ತಿರಲಿಲ್ಲ ಎಂದು ಪತ್ರ ಬರೆದ! ಇಟಲಿ 2024ರಲ್ಲಿ ಹೊಸ ಕಾನೂನು ತಂದು 10,000ದಿಂದ 60,000 ಯೂರೊವರೆಗಿನ ದಂಡ ಗೊತ್ತುಮಾಡಿತು. ಆ ಹಣ ದುರಸ್ತಿಗೆ ಹೋಗಬೇಕು ಎಂದಿತು. ಈ ಎರಡರಲ್ಲಿ ನಮಗೆ ಇಟಲಿಯ ದಾರಿ ಬೇಕು. ಹದಿನೈದರ ಹುಡುಗನ ಮೇಲೆ ಊರಿಗೆ ಊರೇ ಮುಗಿಬೀಳುವುದು ನ್ಯಾಯವಲ್ಲ. ಹಂಪಿಯ ವಿಡಿಯೊ ಬಂದಾಗಲೂ ಕೈಕಾಲು ಮುರಿಯಿರಿ ಎಂಬ ಮಾತುಗಳು ಬೇಕಾದಷ್ಟು ಕೇಳಿಬಂದವು.

ದುಡಿಸುವ ಶಿಕ್ಷೆಗೂ ಮಿತಿಯಿದೆ ಎಂಬುದನ್ನು ಮರೆಯಬಾರದು. ಉರುಳಿದ ಕಂಬವನ್ನು ಎತ್ತಬಹುದು. ಮೂಗು ಹಾರಿದ ಮದನಿಕೆಗೆ ಮೂಗು ಕೂಡಿಸಲಾಗದು. ಬಣ್ಣ ಬಳಿದ ಗೋಡೆಯನ್ನು ಅನುಭವವಿಲ್ಲದವರು ಉಜ್ಜಲು ಹೋದರೆ ಬಣ್ಣದ ಜತೆ ಕಲ್ಲೂ ಸವೆಯುತ್ತದೆ. ಆದ್ದರಿಂದ ತಪ್ಪಿತಸ್ಥರಿಗೆ ಸ್ಮಾರಕದ ಮೇಲೆ ಕೈಹಚ್ಚುವ ಕೆಲಸ ಬೇಡ; ಆವರಣದ ಮುಳ್ಳುಗಂಟಿ ಸವರಲಿ, ಕಸ ಹೆಕ್ಕಲಿ, ಬಿಸಿಲಿನಲ್ಲಿ ನಿಂತು ಕಾವಲು ಕಾಯಲಿ. ಪರಿಣತರ ದುರಸ್ತಿಗೆ ತಗಲುವ ವೆಚ್ಚ ಅವರ ಜೇಬಿನಿಂದಲೇ ಬರಲಿ.

ಇದಕ್ಕೆ ಕಾನೂನಿನ ಬಾಗಿಲು ಅರ್ಧ ತೆರೆದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಗಳ ಪಟ್ಟಿಗೆ ಸೇರಿಸಿದೆ. ಆದರೆ ಅದು ಅನ್ವಯವಾಗುವುದು ಕೆಲವೇ ಸಣ್ಣ ಅಪರಾಧಗಳಿಗೆ. ಸ್ಮಾರಕ ಕಾಯ್ದೆಯ 30ನೇ ಸೆಕ್ಷನ್‌ನಲ್ಲಿ ಇವತ್ತಿಗೂ ಇರುವುದು ಸೆರೆ ಮತ್ತು ದಂಡ ಮಾತ್ರ. ಹೊಸಪೇಟೆಯ ತೀರ್ಪಿನಲ್ಲಿದ್ದ ಬುದ್ಧಿವಂತಿಕೆಯನ್ನು ಆ ಸೆಕ್ಷನ್‌ಗೆ ಸೇರಿಸುವಂತೆ ನಮ್ಮ ಸಂಸದರು ಪಕ್ಷ ಮರೆತು ಒತ್ತಾಯಿಸಬೇಕು. ಜತೆಗೆ ಸಿಬ್ಬಂದಿಯ ಕೊರತೆ ತುಂಬಲು ಸ್ಥಳೀಯ ಯುವಕರನ್ನೇ ಸಂಬಳ ಕೊಟ್ಟು ಕಾವಲಿಗೆ ನೇಮಿಸಬೇಕು; ಕಮಲಾಪುರ, ಆನೆಗೊಂದಿಗಳಲ್ಲಿ ಕೆಲಸಕ್ಕಾಗಿ ಕಾಯುವವರಿಗೆ ಬರವಿಲ್ಲ.

ಓದುಗರಲ್ಲಿ ಒಂದು ಮನವಿ. ಮುಂದಿನ ಸಲ ಯಾರಾದರೂ ಕಲ್ಲಿನ ಮೇಲೆ ಮೊಳೆ ಇಟ್ಟದ್ದು ಕಂಡರೆ ವಿಡಿಯೊ ಹಂಚುವ ಮೊದಲು ಕಾವಲಿನವರನ್ನು ಕೂಗಿ ಕರೆಯಿರಿ. ಯಾರೂ ಇಲ್ಲದಿದ್ದರೆ 112ಕ್ಕೆ ಕರೆ ಮಾಡಿ.