ಅಂಚೆಮನೆ ಕಟ್ಟುವ ಮುನ್ನ



ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು. ಈ ನಾಲ್ಕರಲ್ಲಿಯೂ ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಸಂಸ್ಥೆಯೊಂದರ ಹಿರಿಯರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಅವರ ಇ-ಮೇಲ್ ವ್ಯವಹಾರವೆಲ್ಲ ಗುಮಾಸ್ತರೊಬ್ಬರ ಸ್ವಂತ ಖಾತೆಯಲ್ಲಿ ನಡೆದಿತ್ತು. ಆತ ಕೆಲಸ ಬಿಟ್ಟೊಡನೆ ವಿದ್ಯಾರ್ಥಿವೇತನದ ಪತ್ರಗಳು ಕೈಗೆಟುಕದಾದವು. ಕೆಲವು ಬಡಮಕ್ಕಳಿಗೆ ಒಂದು ವರ್ಷದ ನೆರವು ತಪ್ಪಿತು. "ಶಾಸ್ತ್ರಿಗಳೆ, ನಮ್ಮದೇ ಸರ್ವರ್ ಹಾಕಿಸುವುದೆಂದು ನಿಶ್ಚಯಿಸಿದ್ದೇವೆ. ಯಾವ ಆವೃತ್ತಿ ಕೊಳ್ಳೋಣ?" ಎಂದು ಕೇಳಿದರು. ಈ ವಿದ್ಯೆ ನಮ್ಮದಲ್ಲ. ಬಲ್ಲವರನ್ನು ವಿಚಾರಿಸಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಚೇಂಜ್ ಸರ್ವರಿಗೆ ಸ್ಟ್ಯಾಂಡರ್ಡ್, ಎಂಟರ್‌ಪ್ರೈಸ್ ಎಂಬ ಎರಡು ಆವೃತ್ತಿಗಳುಂಟು. ಸರ್ವರಿನ ಮಟ್ಟಿಗೆ ಮುಖ್ಯ ವ್ಯತ್ಯಾಸವಿಷ್ಟೆ: ಮೊದಲನೆಯದು 5 ದತ್ತಭಂಡಾರಗಳನ್ನು ನಡೆಸಬಲ್ಲುದು, ಎರಡನೆಯದು 100ನ್ನು. ಒಂದು ಭಂಡಾರದಲ್ಲಿಯೇ ನೂರಾರು ಅಂಚೆಪೆಟ್ಟಿಗೆಗಳು ಹಿಡಿಯುವುದರಿಂದ, ಕೆಲವು ನೂರು ಸಿಬ್ಬಂದಿಯ ಸಂಸ್ಥೆಗೆ ಚಿಕ್ಕ ಆವೃತ್ತಿಯೇ ಸಾಕು. ಅಗ್ಗಕ್ಕೆ ದೊರೆಯಿತೆಂದು 2016 ಅಥವಾ 2019ರ ಎಕ್ಸ್‌ಚೇಂಜನ್ನು ಕೊಳ್ಳಬಾರದು. ಅವೆರಡರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗಿರುವುದು ಚಂದಾ ಪದ್ಧತಿಯ ಆವೃತ್ತಿ. ಅದರ ಖರ್ಚು ಒಂದು ಸಲಕ್ಕೆ ತೀರುವಂಥದಲ್ಲ.

ಪೋಸ್ಟ್‌ಫಿಕ್ಸ್, ಡವ್‌ಕಾಟ್‌ಗಳಂಥ ತಂತ್ರಾಂಶಗಳು ಉಚಿತ. ಆದರೆ ಕಳ್ಳಪತ್ರಗಳನ್ನು ತಡೆಯಲು, ಪ್ರತಿಗಳನ್ನು ತೆಗೆದಿಡಲು, ದೋಷಗಳನ್ನು ಮುಚ್ಚಲು ಬಲ್ಲವನೊಬ್ಬ ನಿತ್ಯವೂ ಇರಬೇಕು. ಒಂದು ರಾತ್ರಿ ವಿದ್ಯುತ್ ಹೋದರೆ ಪತ್ರ ಸಾಮಾನ್ಯವಾಗಿ ಕಳೆಯದು. ಕಳಿಸಿದ ಕಡೆಯ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಾಲ್ಕೈದು ದಿನವಾದರೂ ನಮ್ಮ ಯಂತ್ರ ಏಳದಿದ್ದರೆ ಪತ್ರ ಹಿಂದಿರುಗುತ್ತದೆ. ಆಗ ಪಾವಗಡಕ್ಕೆ ಧಾವಿಸಿ ಬಂದು ಸರಿಪಡಿಸುವವರು ಯಾರು?

ಅಂಥವನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಾರದ ಸಂಸ್ಥೆಗೆ ಸ್ವಂತ ಸರ್ವರೇ ಬೇಡವೆಂಬುದು ನಮ್ಮ ಅಭಿಪ್ರಾಯ. ಅರ್ಹ ಶಾಲೆಗಳಿಗೆ ಗೂಗಲ್ಲಿನ ಶಿಕ್ಷಣ ಸೇವೆಯ ಮೂಲ ಆವೃತ್ತಿ ಉಚಿತವಾಗಿಯೇ ದೊರೆಯುತ್ತದೆ. ನಮ್ಮ ದೇಶದ ಝೋಹೊದಂಥವು ಪೆಟ್ಟಿಗೆಯ ಲೆಕ್ಕದಲ್ಲಿ ಹಣ ಪಡೆದು ಸೇವೆ ನೀಡುತ್ತವೆ.

ಯಾವುದನ್ನೇ ಆರಿಸಿದರೂ ಮೂರು ಮಾತು ಮರೆಯಬಾರದು. ಡೊಮೇನ್ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಲಿ. ಆಡಳಿತದ ಅಧಿಕಾರ ಇಬ್ಬರ ಕೈಯಲ್ಲಿರಲಿ. ವಿಳಾಸವು ವ್ಯಕ್ತಿಯದಾಗದೆ ಹುದ್ದೆಯದಾಗಿರಲಿ. ಮುಖ್ಯೋಪಾಧ್ಯಾಯರು ಬದಲಾದರೂ ಪತ್ರ ಶಾಲೆಗೇ ಬರುವುದು.

ಇಷ್ಟನ್ನು ಕೇಳಿ ಹಿರಿಯರು ಕ್ಷಣಕಾಲ ಮೌನವಾಗಿದ್ದರು. "ಇದು ಮೊದಲೇ ತಿಳಿದಿದ್ದರೆ ಆ ಮಕ್ಕಳಿಗೆ ಅನ್ಯಾಯವಾಗುತ್ತಿರಲಿಲ್ಲ" ಎಂದರು. ಆ ಸಂಕಟ ಮತ್ತೊಂದು ಸಂಸ್ಥೆಗೆ ಬಾರದಿರಲೆಂದೇ ಇದನ್ನು ಬರೆದೆವು. ದೊಡ್ಡ ಗಂಟೆಯನ್ನು ತೂಗುಹಾಕುವ ಮುನ್ನ, ಅದನ್ನು ದಿನವೂ ಬಾರಿಸುವವರಾರೆಂದು ಕೇಳಿಕೊಳ್ಳುವುದೇ ವಿವೇಕ.