ಅರಿವಿಲ್ಲದವರು ಯಾರು?

‘ಈ ಜನಕ್ಕೆ ಆರೋಗ್ಯದ ಅರಿವಿಲ್ಲ.’ ಪ್ರತಿ ಮಾರ್ಚ್ 24ರ ಕ್ಷಯರೋಗ ದಿನದ ಭಾಷಣಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಈ ಜನ ಅಂದರೆ ಯಾರು? ಹೊಲಗೇರಿಯವರು, ಹಟ್ಟಿಯವರು, ಕಲ್ಲು ಒಡೆಯುವವರು, ಬೀಡಿ ಕಟ್ಟುವವರು. ಅಂದರೆ ನಾವು.

ನಮ್ಮಪ್ಪನ ವಿಷಯ ಹೇಳುತ್ತೇನೆ. ಕಲ್ಲುಕ್ವಾರಿಯ ದೂಳು ಕುಡಿದ ಎದೆ. ಕೆಮ್ಮು ನಿಲ್ಲದೆ ಆಸ್ಪತ್ರೆಗೆ ಹೋದ. ಒಂದಲ್ಲ, ಮೂರು ಸಲ. ಮೂರು ಸಲವೂ ಕೆಮ್ಮಿನ ಔಷಧಿ ಬಾಟ್ಲಿ ಕೊಟ್ಟು ಕಳಿಸಿದರು. ನಾಲ್ಕನೇ ಸಲ ಕಫ ನೋಡಿದರು, ಟಿ.ಬಿ. ಅಂದರು. ಮಾತ್ರೆಗಳನ್ನು ಮೇಜಿನಾಚೆಯಿಂದ ತಳ್ಳಿ ‘ಆರು ತಿಂಗಳು ನುಂಗು, ಬಿಡಬೇಡ, ಹೋಗು’ ಅಂದರು. ಆ ದೂರ ರೋಗದ ಭಯದ್ದೋ ಜಾತಿಯದ್ದೋ, ಅಪ್ಪ ಕೇಳಲಿಲ್ಲ. ‘ಆಯ್ತು ಬುದ್ಧಿ’ ಅಂದು ಬಂದ.

ಮಾತ್ರೆ ನುಂಗಿದ ಮೇಲೆ ಉಚ್ಚೆ ಕೆಂಪಗೆ ಬಂತು. ‘ಮೈಯಾಗಿನ ರಕ್ತಾನೆಲ್ಲ ಇಳಿಸ್ತಾ ಐತೆ ಕಣ್ಲಾ ಮಗಾ’ ಅಂದ. ಮಾತ್ರೆಗಳನ್ನು ಸೂರಿಗೆ ಸಿಕ್ಕಿಸಿಬಿಟ್ಟ. ಮನೆಗೆ ಮೊದಲ ಪದವೀಧರ ನಾನು. ಇಂಗ್ಲಿಷಿನ ಚೀಟಿ ತಿರುವಿ ತಿರುವಿ ನೋಡಿದೆ, ಒಂದೂ ತಿಳಿಯಲಿಲ್ಲ. ಒಂದು ವರ್ಷದ ಮೇಲೆ ಮತ್ತೆ ಹೊತ್ತುಕೊಂಡು ಹೋದಾಗ ಒಬ್ಬ ನರ್ಸಕ್ಕ ಹೇಳಿದರು: ‘ಅದು ರಕ್ತ ಅಲ್ಲಪ್ಪ, ಮಾತ್ರೆ ಬಣ್ಣ.’ ರಿಫಾಂಪಿಸಿನ್ ಎಂಬ ಔಷಧಿ ಮೂತ್ರ, ಬೆವರು, ಕಣ್ಣೀರನ್ನು ಕೆಂಪು ಮಾಡುತ್ತದೆ, ಅದರಿಂದ ಅಪಾಯವಿಲ್ಲ. ಇದನ್ನು ಹೇಳೋಕೆ ಒಂದು ಉಸಿರು ಸಾಕಿತ್ತು. ಆ ಒಂದು ಉಸಿರು ಉಳಿಸಿದ್ದಕ್ಕೆ ನಮ್ಮಪ್ಪ ಇವತ್ತು ಹತ್ತು ಹೆಜ್ಜೆಗೆ ಏದುಸಿರು ಬಿಡುತ್ತಾನೆ.

ಔಷಧಿ ಬಿಟ್ಟವರನ್ನು ಟಿ.ಬಿ. ಕಾರ್ಯಕ್ರಮ ಬಹುಕಾಲ ‘ಡಿಫಾಲ್ಟರ್’ ಎಂದೇ ಬರೆದುಕೊಂಡಿತು. ಸಾಲ ಮುಳುಗಿಸಿದವನಿಗೆ ಇಡುವ ಹೆಸರು! ಬಾಕಿ ಉಳಿಸಿಕೊಂಡವರು ಯಾರು ಸ್ವಾಮಿ, ನಾವೋ ನೀವೋ?

ಇದು ನಮ್ಮಪ್ಪನೊಬ್ಬನ ಕತೆಯಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಬರೆದರು: ಬಹುಪಾಲು ರೋಗಿಗಳಿಗೆ ತಮ್ಮ ಕಾಯಿಲೆಯ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟ್ಲಿ. 60 ವರ್ಷ ದಾಟಿತು. ನಮ್ಮಪ್ಪನಿಗೂ ಅದೇ ಬಾಟ್ಲಿ. ಅರಿವಿಲ್ಲದ್ದು ಯಾರಿಗೆ?

ವೈದ್ಯರು ಔಷಧಿ ಚೀಟಿಯನ್ನು ಓದಲು ಬರುವಂತೆ, ಆದಷ್ಟೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರಲ್ಲಿ ನಿಯಮ ಬಂತು. ಒಳ್ಳೆಯದು, ಅಂಗಡಿಯವನು ಓದುತ್ತಾನೆ. ನುಂಗುವವನು?

‘ನೂರು ಜನ ಸಾಲಿನಲ್ಲಿ ನಿಂತಿರುತ್ತಾರೆ, ಪುರುಸೊತ್ತಿಲ್ಲ’ ಅಂತಾರೆ. ನಿಜ ಇರಬಹುದು. ಹಾಗಾದರೆ ಕೈಗಳನ್ನು ಹೆಚ್ಚಿಸಿ. ಮನೆ ಮನೆ ತಿರುಗುವ ಆಶಾ ಅಕ್ಕಂದಿರಿಗೆ ಪ್ರೋತ್ಸಾಹಧನದ ಚಿಲ್ಲರೆ ಬಿಟ್ಟು ಸಂಬಳ ಕೊಡಿ. ಆದರೆ ಅಪ್ಪನ ವಯಸ್ಸಿನವನಿಗೆ ‘ನೀವು’ ಅನ್ನೋಕೂ ಪುರುಸೊತ್ತು ಬೇಕೆ?

ಗೋಡೆ ಮೇಲಿನ ಬರಹದಿಂದ ಆರೋಗ್ಯ ಬರುವುದಿಲ್ಲ. ಬಾಯಿ ಮಾತ್ರ ಇದ್ದು ಕಿವಿ ಇಲ್ಲದ ಇಲಾಖೆ ನಮಗೆ ಬೇಡ. ಮಾತ್ರೆ ಕೊಡುವಾಗ ನಮ್ಮ ಮಾತಿನಲ್ಲಿ ಹೇಳಲಿ: ಉಚ್ಚೆ ಕೆಂಪಾದರೆ ಹೆದರಬೇಡಿ, ಕಣ್ಣು ಹಳದಿಯಾದರೆ ತಡ ಮಾಡಬೇಡಿ, ಕೆಮ್ಮು ನಿಂತರೂ ಮಾತ್ರೆ ನಿಲ್ಲಿಸಬೇಡಿ. ಹೇಳಿ ಮುಗಿಸದೆ, ‘ಏನು ತಿಳೀತು ಹೇಳಿ’ ಎಂದು ಕೇಳಲಿ.

ಗೆಳೆಯರೇ, ಮೇಷ್ಟ್ರುಗಳೇ, ಅವರು ಹೇಳುವತನಕ ಕಾಯಬೇಡಿ. ಇವತ್ತು ಸಂಜೆಯೇ ಕೇರಿಗೆ ಹೋಗಿ. ಸೂರಿಗೆ ಸಿಕ್ಕಿಸಿದ ಮಾತ್ರೆಗಳು ಎಷ್ಟು ಮನೆಗಳಲ್ಲಿವೆ ನೋಡಿ. ರೋಗಿಯ ಜೊತೆ ಆಸ್ಪತ್ರೆಗೆ ನಡೆಯಿರಿ, ಆ ಮೇಜಿನ ಮುಂದೆ ನಿಂತು ಕೇಳಿ: ‘ಇದು ಯಾತರ ಮಾತ್ರೆ? ನುಂಗಿದರೆ ಏನಾಗುತ್ತೆ?’

ನಮ್ಮಪ್ಪ ಕೇಳದೆ ಬಂದ ಪ್ರಶ್ನೆ ಅದು.