ಎಳನೀರು ಎಲ್ಲರಿಗೂ ತಂಪಲ್ಲ!

ವೈಟ್‌ಫೀಲ್ಡ್: ಇಪಿಐಪಿ ವಲಯದ ಆಸ್ಪತ್ರೆಗಳಿಗೆ ರೋಗಿ ನೋಡಲು ಬಸ್ಸಿಳಿಯುವವರು ಎಳನೀರು ಒಯ್ಯೋದು ವಾಡಿಕೆ. ಆದರೆ ಕಿಡ್ನಿ ಕೈಕೊಟ್ಟವರಿಗೆ ಅದರಲ್ಲಿನ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ. ಬೇಡ ಎಂದು ತಡೆಯಬೇಕಾದವರು ಡಯಟೀಷಿಯನ್.

ಈ ವಿದ್ಯೆ ಬರೀ ಪುಸ್ತಕದಿಂದ ಬರೋದಲ್ಲ. ಇಂಡಿಯನ್ ಡಯಟಿಟಿಕ್ ಅಸೋಸಿಯೇಷನ್ನಿನ ನೋಂದಣಿ ಪರೀಕ್ಷೆಗೆ ಕೂರಲು 6 ತಿಂಗಳ ಆಸ್ಪತ್ರೆ ತರಬೇತಿ ಬೇಕು. ಅಡಿಗೆಮನೆ, ಸಕ್ಕರೆ ಕಾಯಿಲೆ, ಕಿಡ್ನಿ, ಮೂಗಿನ ನಳಿಗೆಯಲ್ಲಿ ಆಹಾರ ಕೊಡೋ ಐಸಿಯು, ಎಲ್ಲವನ್ನೂ ಸರದಿಯಂತೆ ಸುತ್ತಬೇಕು.

ಎಷ್ಟೋ ಕಡೆ ಅಷ್ಟು ದಿನವೂ ಬಿಡಿಗಾಸಿಲ್ಲ. 2023ರ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಬಸ್ ಚಾರ್ಜು ಉಳಿಯಿತು, ಸರಿ. ಪಿ.ಜಿ. ಬಾಡಿಗೆ ಯಾರು ಕೊಡ್ತಾರೆ?

2021ರ ಕೇಂದ್ರ ಕಾಯಿದೆ ಡಯಟೀಷಿಯನ್‌ಗಳನ್ನೂ ನೋಂದಣಿಯ ಪಟ್ಟಿಗೆ ಸೇರಿಸಿತು. ಕಾಯಿದೆಯೊಂದೇ ಸಾಕೆ? ಬಡವರ ಮಕ್ಕಳು ಅರ್ಧಕ್ಕೇ ಬಿಟ್ಟುಹೋದರೆ ನಾಳೆ ಪಥ್ಯ ಹೇಳೋರು ಯಾರು, ಪೌಡರ್ ಡಬ್ಬ ಮಾರುವವರೇ?